ಪಕ್ಕದ ಮನೆಗೆ ಬಾರದ ಸಾಂತಾ

ಡಿಸೆಂಬರ್ ೨೫, ಗುರುವಾರ. ಕೋಲಸಿರ್ಸಿ

ಮಾನಸಿಯ ಮುಖ ಕಣ್ಣ ಮುಂದಿನಿಂದ ಹೋಗ್ತಾನೇ ಇಲ್ಲ.

ಕ್ರಿಸ್‌ಮಸ್ ತಾತ ಸಾಂತಾ ತಂದಿದ್ದು ಅಂತ ಮಗಳು ಭೂಮಿಕಾಳ ದಿಂಬಿನ ಹತ್ತಿರ ಗೊಂಬೆ ಇಟ್ಟವಳು ನಾನೇ. ಬೆಳಿಗ್ಗೆ ಅವಳು ಕುಣಿಯುತ್ತ ಅದನ್ನು ಪಕ್ಕದ ಮನೆಯ ಮಾನಸಿಗೆ ತೋರಿಸಿದಳು. ಆ ಮಗು ನೇರ ನನ್ನ ಹತ್ತಿರ ಬಂದು, "ಅತ್ತೆ, ಸಾಂತಾ ನಮ್ಮನೆಗೆ ಎಂತಕ್ಕೆ ಬರ್ಲಿಲ್ಲ?" ಅಂದಿತು.

ಭೂಮಿಕಾ ಅಲ್ಲೇ ನಿಂತಿದ್ದಳು. ನಿಜ ಹೇಳಲು ಬಾಯಿ ಬರಲಿಲ್ಲ. "ಮುಂದಿನ ವರ್ಷ ಬರ್ತಾನೆ ಮಗಾ," ಅಂದುಬಿಟ್ಟೆ.

"ನಾನು ತಮ್ಮಂಗೆ ಹೊಡಿತಿದ್ದೆ ಅಲ್ದಾ, ಅದ್ಕೇ," ಅಂದು ಮಾನಸಿ ಹೊರಟುಹೋದಳು.

ಸಂಜೆ ನಿಜ ಹೇಳೋಣ ಅಂತ ಬೇಲಿ ತನಕ ಹೋದೆ. ಮಾನಸಿ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಓಡಿ ಬಂದಳು.

"ಅತ್ತೆ, ಇವತ್ತು ಒಂದು ಸಲಾನೂ ಹೊಡಿಲಿಲ್ಲ. ನೀವು ಸಾಂತಾಗೆ ಹೇಳ್ತ್ರಾ?"

ಹೂಂ ಅಂದೆ. ಇನ್ನೊಂದು ಸುಳ್ಳು. ಈಗ ಅವಳಿಗೆ ಏನಂತ ಹೇಳಲಿ?