ಓರೆ ಗೆರೆಯ ಮಸೀದಿ

ಹಗ್ಗದ ಕಾರ್ಖಾನೆಯ ಹಿಂದಿನ ಬೀದಿ,
ನವೆಂಬರ್ ಹನ್ನೆರಡು, ಬುಧವಾರ

ತಮ್ಮನಿಗೆ ಅಣ್ಣನ ಸಲಾಂ.

ನಿನ್ನ ಮಂಡಿ ನೋವು ಹೇಗಿದೆ? ಮುಲಾಮು ಬಳಿದುಕೊಂಡು ಕೂತಲ್ಲೇ ಕೂರಬೇಡ, ಎದ್ದು ನಡೆ. ನಿನ್ನ ಹೆಂಡತಿಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ಕೇಳಿ ಸಂತೋಷವಾಯಿತು. ಪಾಪ, ಇನ್ನು ಮೇಲೆ ನಿನ್ನ ಮುಖವನ್ನು ಸ್ಪಷ್ಟವಾಗಿ ನೋಡಬೇಕು. ನಾನು ಗಟ್ಟಿಯಾಗಿದ್ದೇನೆ. ನಿನ್ನ ಲಕೋಟೆ ಬಂದ ದಿನದಿಂದ ಊಟ ಸೇರುತ್ತಿಲ್ಲ, ಅದು ಕಾಯಿಲೆಯಲ್ಲ, ಸಿಟ್ಟು.

ಮಸೀದಿಯ ಚರಿತ್ರೆ ಎಂದು ನೀನು ಬರೆದ ಎಂಟು ಹಾಳೆಗಳಲ್ಲಿ ಅಕ್ಷರ ಇರುವೆ ಸಾಲಿನಂತಿತ್ತು, ಮೊಮ್ಮಗಳ ಕೈಯಲ್ಲಿ ಓದಿಸಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮುದುಕನಿಗೆ ಏನು ಅರ್ಥವಾಗುತ್ತದೆ ಎಂದುಕೊಂಡೆಯಾ? 'ಅಂದಿನ ಕೆಲಸಗಾರರ ಅಜ್ಞಾನದಿಂದ ದಿಕ್ಕು ತಪ್ಪಿದ ಕಟ್ಟಡ' ಎಂಬ ಸಾಲು ಬಂದಾಗ ಇನ್ನೊಮ್ಮೆ ಓದು ಎಂದೆ. 'ಅಜ್ಜಾ, ನಿಮ್ಮ ಮುಖ ಕೆಂಪಾಯ್ತು, ನಾ ಓದಲ್ಲಪ್ಪ' ಎಂದು ಎದ್ದು ಹೋದಳು. ಅಂದಿನ ಕೆಲಸಗಾರ ಯಾರಯ್ಯಾ? ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಅಪ್ಪ. ಆಗ ನಿನಗೆ ಮೂರು ವರ್ಷ. ಸುಣ್ಣದ ಗುಂಡಿಗೆ ಬೀಳುತ್ತೀಯೆಂದು ಅಮ್ಮ ನಿನ್ನ ಸೊಂಟಕ್ಕೆ ಹಗ್ಗ ಕಟ್ಟಿ ಮರಕ್ಕೆ ಬಿಗಿದಿದ್ದಳು. ಆ ಹಗ್ಗ ಎಷ್ಟು ದೂರ ಬಿಡುತ್ತಿತ್ತೋ ಅಷ್ಟೇ ದೂರದ ಚರಿತ್ರೆ ಬರೆದಿದ್ದೀಯ. ನನಗೆ ಹದಿನೆಂಟು, ಅಪ್ಪನ ಜೊತೆ ಗಾರೆ ಹಿಡಿದಿದ್ದೆ. ನನ್ನನ್ನು ಒಂದು ಮಾತು ಕೇಳಿದೆಯಾ?

ಮೊದಲು ಅಲ್ಲಿದ್ದದ್ದು ತಗಡಿನ ಚಪ್ಪರ. ಕಾರ್ಖಾನೆಯವರು ಪಾಳಿ ಮುಗಿಸಿ ಬಂದು ಅಲ್ಲೇ ನಮಾಜ್ ಮಾಡುತ್ತಿದ್ದರು. ಒಂದು ಬಿರುಗಾಳಿಗೆ ತಗಡು ಹಾರಿ ಕಾರ್ಖಾನೆಯ ಗೇಟಿನ ಮೇಲೆ ಬಿತ್ತು. ಗಟ್ಟಿಯಾಗಿ ಕಟ್ಟೋಣವೆಂದು ಹಳೇ ಇಮಾಮರು ದಿಕ್ಕು ಹಿಡಿದು ನೋಡಿದಾಗ, ನಮಾಜಿಗೆ ಮುಖ ಮಾಡುವ ಕಿಬ್ಲಾ ದಿಕ್ಕಿಗೆ ಸರಿಯಾಗಿ ಗೋಡೆ ಎಬ್ಬಿಸಿದರೆ ಹಿಂದಿನ ಮೂಲೆ ಪಕ್ಕದ ಮನೆಯ ಬಡಗಿಯ ಬಾವಿಯ ಮೇಲೆ ಹೋಗುತ್ತಿತ್ತು. ಬಡಗಿ ನಮ್ಮ ಮತದವನಲ್ಲ. ಆದರೂ 'ತಗೊಳ್ರಿ, ದೇವರಿಗೊಂದು ಮೂಲೆ ಕೊಟ್ರೆ ನನ್ನ ಗಂಟೇನು ಹೋಗುತ್ತೆ' ಎಂದ. ಅವನ ಹೆಂಡತಿ ಕೊಡ ಹಿಡಿದು ಬಾವಿಕಟ್ಟೆಯ ಮೇಲೆ ನಿಂತಿದ್ದಳು. ಕೊಡವನ್ನು ಕೆಳಗೆ ಇಡಲಿಲ್ಲ. ಅಪ್ಪ ಅವಳನ್ನು ನೋಡಿ ಇಮಾಮರತ್ತ ತಿರುಗಿ, 'ಬಾವಿ ಮುಚ್ಚಿದ್ರೆ ವಜೂಗೆ, ಕೈಕಾಲು ತೊಳಿಯೋಕೆ, ನೀರೆಲ್ಲಿಂದ ತರ್ತೀರಿ, ನನ್ನ ಮಾವನ ಮನೆಯಿಂದ್ಲಾ?' ಎಂದ. ಇಮಾಮರು ನಕ್ಕುಬಿಟ್ಟರು. ಗೋಡೆ ಬೀದಿಗೆ ನೇರವಾಗಿ ಎದ್ದಿತು. ಒಳಗೆ ನೆಲದ ಮೇಲೆ ಮಾತ್ರ ಕಾರ್ಖಾನೆಯ ಹಗ್ಗವನ್ನು ಸುಣ್ಣದಲ್ಲಿ ಅದ್ದಿ, ಕಿಬ್ಲಾಕ್ಕೆ ಸರಿಯಾಗಿ ಓರೆ ಗೆರೆ ಹೊಡೆದೆವು. ಒಂದು ತುದಿ ನಾನು ಹಿಡಿದಿದ್ದೆ, ಇನ್ನೊಂದು ತುದಿ ಬಡಗಿ. ಇದು ಅಜ್ಞಾನವಂತೆ!

ಅಂದಿನಿಂದ ಹೊಸಬರು ಬಂದು ಗೋಡೆಗೆ ನೇರವಾಗಿ ನಿಂತರೆ ಪಕ್ಕದವರು ಭುಜ ಹಿಡಿದು ಗೆರೆಗೆ ತಿರುಗಿಸುತ್ತಾರೆ. ಹೋದ ವರ್ಷ ನೀನು ಪೇಟೆಯಿಂದ ಬಂದಾಗ ಮೀನಿನವ ನಿನ್ನ ಭುಜ ತಿರುಗಿಸಿದ. ಆ ಕೈಯ ವಾಸನೆಗೆ ನೀನು ಮೂಗು ಮುರಿದದ್ದನ್ನು ನಾನು ನೋಡಿದೆ. ಚರಿತ್ರೆಯ ಜೊತೆ ಲಕೋಟೆಯಲ್ಲಿಟ್ಟ ಹೊಸ ಮಸೀದಿಯ ನಕ್ಷೆ ಹುಟ್ಟಿದ್ದು ಅವತ್ತೇ. ಕುಣಿಯಲಾರದವಳಿಗೆ ನೆಲ ಡೊಂಕು.

ಕಾರ್ಖಾನೆಯ ಬಾಯ್ಲರ್ ಒಡೆದ ದಿನ ಸುಟ್ಟವರನ್ನೆಲ್ಲ ಆ ಗೆರೆಗಳ ಮೇಲೆಯೇ ಮಲಗಿಸಿದ್ದರು. ಯಾರ ದೇವರು ಯಾರು ಎಂದು ಒಬ್ಬನೂ ಕೇಳಲಿಲ್ಲ. ಬಡಗಿ ತನ್ನ ಮನೆಯ ಬಾಗಿಲು ಕಿತ್ತು ತಂದ, ಅದರ ಮೇಲೆಯೇ ಆಸ್ಪತ್ರೆಗೆ ಹೊತ್ತೆವು. ಎರಡು ತಿಂಗಳು ಅವನ ಮನೆಗೆ ಗೋಣಿಯ ಪರದೆ. ನಿನ್ನ ಎಂಟು ಹಾಳೆಯಲ್ಲಿ ಮುಂದೆ ಹಾಕಿಸುವ ಅಮೃತಶಿಲೆಗೆ ಒಂದೂವರೆ ಹಾಳೆ ಇದೆ, ಆ ಬಾಗಿಲಿಗೆ ಅರ್ಧ ಸಾಲಿಲ್ಲ.

ಈಗ ನೀನು ಎಲ್ಲ ಕೆಡವಿ ನೆಟ್ಟಗೆ ಕಟ್ಟಿಸುತ್ತೀಯ. ಬಡಗಿಯ ಮಗಳು ಆ ಮನೆಯಲ್ಲೇ ಹೊಲಿಗೆ ಹಾಕಿಕೊಂಡು ಒಬ್ಬಳೇ ಇದ್ದಾಳೆ. ಅವಳ ಕಾಗದಪತ್ರ ಸರಿಯಿಲ್ಲವೆಂದು ನಮ್ಮ ಕಮಿಟಿಯ ಕಾರ್ಯದರ್ಶಿ ಪತ್ತೆ ಹಚ್ಚಿದ, ಕೂಡಲೇ ಅವಳ ಬಾವಿ, ಅಡುಗೆಮನೆ ಎರಡನ್ನೂ ನೀನು ನಕ್ಷೆಯಲ್ಲಿ 'ಖಾಲಿ ಜಾಗ' ಎಂದು ಬರೆದೆ. ಆ ಖಾಲಿ ಜಾಗದಲ್ಲಿ ಒಲೆ ಉರಿಯುತ್ತಿದೆ ಕಣೋ. ಟೇಪು ಹಿಡಿದವರು ಬಂದು ಹೋದ ಸಂಜೆ ಅವಳು ನಮ್ಮ ಬಾಗಿಲಿಗೆ ಬಂದು, 'ಮಾವಾ, ನಿಮ್ಮಪ್ಪ ಬಿಟ್ಟ ಮೂಲೇನ ಈಗ ಯಾರೋ ತಗೋತಾರಂತಲ್ಲ' ಎಂದಳು. ಆ ಯಾರೋ ನನ್ನ ತಮ್ಮ ಎನ್ನಲು ಬಾಯಿ ಬರಲಿಲ್ಲ. ಕೂತು ಚಹಾ ಕುಡಿ ಎಂದೆ. ಕುಡಿಯಲಿಲ್ಲ.

ಚರಿತ್ರೆಗೆಂದು ನೀನು ಕೇಳಿದ ಹಳೇ ಫೋಟೋ ಕೊಡುವುದಿಲ್ಲ. ನಕ್ಷೆಗೆ ನನ್ನ ಸಹಿಯೂ ಸಿಗುವುದಿಲ್ಲ. ನಿನ್ನ ಹೆಂಡತಿಗೆ ಕಣ್ಣಿಗೆ ಬಿಸಿಲು ತಾಗಿಸಬೇಡ ಎಂದು ಹೇಳು. ಮಕ್ಕಳಿಗೆ ನನ್ನ ದುವಾ. ನಿನಗೂ ಮಾಡಬೇಕೆಂದು ಕೈ ಎತ್ತಿದೆ, ಬೈಗುಳವೇ ಬಂತು.

ಇತಿ ನಿನ್ನ ಅಣ್ಣ,
ಗಾರೆ ಕೆಲಸದವನು

ಮರೆತ ಮಾತು: ಮರೆತದ್ದಲ್ಲ, ಬರೆಯಲು ನಾಚಿಕೆಯಾಗಿತ್ತು. ಹೋದ ಶುಕ್ರವಾರ ನಮಾಜ್ ಮುಗಿದ ಮೇಲೆ ಎದ್ದು ನಿಂತು ಬಾವಿಯ ಕಥೆಯನ್ನೆಲ್ಲ ಹೇಳಿದೆ. ಜನ ರೇಗಿ, ಆ ನಕ್ಷೆ ಬರೆದವನು ಯಾರು ಹೇಳಿ ಎಂದರು. ಅದು ಗೊತ್ತಿರುವುದು ಕಾರ್ಯದರ್ಶಿಗೆ ಮತ್ತು ನನಗೆ. ಅವನು ನೆಲ ನೋಡಿದ. 'ಯಾರೋ ಪೇಟೆಯವನು, ನನಗೆ ಗೊತ್ತಿಲ್ಲ' ಎಂದುಬಿಟ್ಟೆ. ಎಪ್ಪತ್ಮೂರನೇ ವರ್ಷದಲ್ಲಿ, ಅಪ್ಪ ಕಟ್ಟಿದ ಗೋಡೆಯೊಳಗೆ ನಿಂತು ನಿನಗಾಗಿ ಸುಳ್ಳು ಹೇಳಿದೆ. ಎರಡನೇ ಸಲ ನನ್ನಿಂದಾಗದು. ನಾಡಿದ್ದಿನ ಶುಕ್ರವಾರ ಹೇಗೋ ತಪ್ಪಿಸಿಕೊಳ್ಳುತ್ತೇನೆ, ಅದರ ಮುಂದಿನದರೊಳಗೆ ನಕ್ಷೆ ವಾಪಸ್ ತೆಗೆದುಕೊಂಡೆ ಎಂದು ಕಮಿಟಿಗೆ ನೀನೇ ಬರೆ. ಇಲ್ಲದಿದ್ದರೆ ಎದ್ದು ನಿಂತು ನಿನ್ನ ಹೆಸರು ಹೇಳುತ್ತೇನೆ. ಈ ಗೋಡೆ ಕಟ್ಟಿದ ಇಂಥವನ ಮಗ ಎಂದು ಸೇರಿಸಿಯೇ ಹೇಳುತ್ತೇನೆ.