ನೀಲಿ ಬಾಗಿಲನ್ನು ತಿದ್ದಬೇಡಿ

ಹಳೇಪೇಟೆ, ಚಂದ್ರ
೨೪೧೭ರ ಫೆಬ್ರುವರಿ ಮೂವತ್ತು

ಗದಗಿನ ಅನ್ನಪೂರ್ಣಾ ಬಾಳಿಕಾಯಿ ಅವರಿಗೆ ಹೊನ್ನವ್ವ ಅಂಗಡಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಫೆಬ್ರುವರಿಗೆ ಮಾತ್ರ ಕಡಿಮೆ ಬಡಿಸುವ ಪಕ್ಷಪಾತ ಭೂಮಿಯಲ್ಲೇ ಉಳಿಯಿತು. ನನ್ನ ಕನ್ನಡದಲ್ಲಿ ವಿಚಿತ್ರವೆನಿಸುವ ಮಾತುಗಳು ಕಂಡರೆ ಕ್ಷಮಿಸಿ. ಇಷ್ಟು ದೂರ ಬಂದ ಭಾಷೆ, ಅಲ್ಲಲ್ಲಿ ಸವೆದಿದೆ. ಈ ಪತ್ರ ನಿಮಗೆ ಹೇಗೆ ತಲುಪುತ್ತದೆ ಎಂದೂ ಕೇಳಬೇಡಿ. ಕಳಿಸುವವರು ಎಷ್ಟು ವಿವರಿಸಿದರೂ ನನ್ನ ತಲೆಗೆ ಹತ್ತಲಿಲ್ಲ.

ನೀವು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತ, ರಜೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಸಣ್ಣದೊಂದು ಆಟ ಮಾಡುತ್ತಿದ್ದೀರಿ. ಚೌಕ ಚೌಕ ತುಣುಕುಗಳನ್ನು ಜೋಡಿಸಿ ಒಂದು ಓಣಿ ಬಿಡಿಸಿದ್ದೀರಿ: ಕಟ್ಟೆ, ಮೆಟ್ಟಿಲು, ಬಾವಿ, ದಾರಿಗೆ ಅಡ್ಡ ನಿಂತ ಒಂದು ಎಮ್ಮೆ. ಯಾರೂ ಆಡದ ಆಟವಾಯಿತೆಂದು ನಿಮಗೆ ಬೇಸರವಿರಬಹುದು. ಬೇಸರ ಬೇಡ. ಆ ಓಣಿಯಲ್ಲಿ ನಾವು ಸಂಸಾರ ಮಾಡುತ್ತಿದ್ದೇವೆ.

ನಮ್ಮ ಹಿರಿಯರು ಚಂದ್ರನ ನೆಲದೊಳಗೆ ಊರು ಕಟ್ಟಿದಾಗ ಎಂಜಿನಿಯರುಗಳು ನೆಟ್ಟನೆಯ ಸುರಂಗಗಳನ್ನು ಕೊರೆದರಂತೆ. ಜನ ಹೋಗುವರು, ಬರುವರು. ನಿಂತು ಮಾತಾಡಲು ಒಂದು ಮೂಲೆಯಿಲ್ಲ. ಆಗ ಗದಗಿನವರೊಬ್ಬರ ಹಳೆಯ ಸಾಮಾನಿನಲ್ಲಿ ನಿಮ್ಮ ಆಟ ಸಿಕ್ಕಿತು. ನಮ್ಮ ಗೋಡೆ, ನೆಲ ಎಲ್ಲವೂ ಒಂದೇ ಅಳತೆಯ ಚೌಕ ಹಲಗೆಗಳಾದ್ದರಿಂದ ನಿಮ್ಮ ಓಣಿಯನ್ನು ಹಾಗೆಯೇ ಎತ್ತಿಟ್ಟರು. ಎತ್ತಿಡುವುದೆಂದರೆ ನಿಮ್ಮ ಕಾಪಿ-ಪೇಸ್ಟ್: ನಕ್ಷೆಯ ಒಂದು ಭಾಗಕ್ಕೆ ಚೌಕಟ್ಟು ಹಾಕಿ, ನಕಲು ತೆಗೆದು, ಬೇಕಾದ ಕಡೆ ಕೂರಿಸುವುದು. ನನ್ನ ಉದ್ಯೋಗವೂ ಅದೇ. ಆದರೆ ನಕ್ಷೆಗೆ ಒಂದರ ಮೇಲೊಂದು ಪದರಗಳಿರುತ್ತವೆ ಎಂಬುದನ್ನು ಹಿರಿಯರು ಮರೆತರು. ಚಿತ್ರದ ಪದರದಲ್ಲಿದ್ದ ಎಮ್ಮೆ ಬಿಟ್ಟುಹೋಯಿತು. ‘ಇಲ್ಲಿ ದಾಟಬಾರದು’ ಎಂಬ ಕಾಣದ ಪದರ ಮಾತ್ರ ಬಂತು. ಏನೋ ಕಾರಣವಿರಬೇಕೆಂದು ಕಟ್ಟುವವರು ಅಲ್ಲೊಂದು ಕಂಬ ನಿಲ್ಲಿಸಿದರು. ಕಾರಣ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಈಗ ಆ ಜಾಗಕ್ಕೆ ಎಮ್ಮೆತಿರುವು ಎಂದೇ ಹೆಸರು. ಎಮ್ಮೆಯನ್ನು ಕಣ್ಣಾರೆ ಕಾಣದ ನಾವು ಹೋಗುವಾಗ ಬರುವಾಗ ಕಂಬದ ಬೆನ್ನು ತಟ್ಟುತ್ತೇವೆ. ಊರಿನ ಅರ್ಧ ಮದುವೆಗಳು ಅಲ್ಲಿ ನಿಂತು ಮಾತಾಡಿಯೇ ಕುದುರಿವೆ, ನನ್ನದೂ ಸೇರಿ.

ಹೊಸ ಕೇರಿ ಕಟ್ಟುವ ಮೊದಲು ನಾವು ಅದನ್ನು ನಕ್ಷೆಯಲ್ಲಿ ಬಿಡಿಸಿ, ಒಂದು ವರ್ಷ ಅದರೊಳಗೆ ಆಟದ ಹಾಗೆ ಓಡಾಡಿ ನೋಡುತ್ತೇವೆ. ಮೆಣಸಿನಕಾಯಿ ಒಣಗಿಸಲು ಜಾಗವಿಲ್ಲ, ಮುದುಕರಿಗೆ ಕೂರಲು ಕಟ್ಟೆಯಿಲ್ಲ ಎಂಬ ಜಗಳಗಳೆಲ್ಲ ಅಲ್ಲೇ ಮುಗಿಯಬೇಕು. ಕೇರಿ ಎದ್ದ ಮೇಲೂ ನಕ್ಷೆಯನ್ನು ಮುಚ್ಚುವುದಿಲ್ಲ. ಪ್ರತಿ ಮನೆಗೂ ಅಲ್ಲೊಂದು ಅಂಗಳವಿದೆ, ಜನ ಅಲ್ಲೂ ಬಂದು ಹೋಗುತ್ತಾರೆ. ಹಬ್ಬಕ್ಕೆ ಅಲ್ಲೂ ರಂಗೋಲಿ ಬೀಳುತ್ತದೆ.

ಈಗ ನನ್ನ ಸಂಕಟ ಕೇಳಿ. ನನ್ನ ಒಬ್ಬಳೇ ಮಗಳು ನೇಸರಾ ನೆಪ್ಚೂನಿನ ಉಪಗ್ರಹವೊಂದಕ್ಕೆ ಹೋಗಿ ನೆಲೆಸಿದ್ದಾಳೆ. ಅಲ್ಲಿಗೆ ಹೋದವರು ಮರಳುವುದಿಲ್ಲ. ಅವರ ಊರಿಗೆ ನಿಮ್ಮ ಆಟದ ಎರಡನೆಯ ಓಣಿಯನ್ನು ನಾನೇ ಎತ್ತಿಟ್ಟೆ, ನೀವು ಮೊದಲನೆಯದನ್ನು ನಕಲು ಮಾಡಿ ಗಿಡಮರ ಬದಲಿಸಿದ್ದೀರಲ್ಲ, ಅದನ್ನು. ಊರು ಬೇರೆಯಾದರೆ ನಕ್ಷೆಗಳ ನಡುವಿನ ದಾರಿಯನ್ನೂ ಮುಚ್ಚಬೇಕೆಂಬುದು ನಮ್ಮ ನಿಯಮ. ಹೋದವರ ಮನಸ್ಸು ಹೋದಲ್ಲೇ ನಿಲ್ಲಲಿ ಎಂದು. ನಿಯಮಕ್ಕೆ ಅರ್ಥವಿದೆ, ಆದರೆ ತಾಯಂದಿರನ್ನು ಕೇಳಿ ಮಾಡಿದ್ದಲ್ಲ. ಸುದ್ದಿ ಕಳಿಸಬಹುದು, ನಿಜ. ಸುದ್ದಿ ಬರುವುದು ಬೇರೆ, ಮಗಳು ಅಂಗಳಕ್ಕೆ ಬರುವುದು ಬೇರೆ.

ಒಂದು ದಿನ ನಕ್ಷೆಯ ನನ್ನ ಅಂಗಳದಲ್ಲಿ ನಾನು ಹಾಕದ ರಂಗೋಲಿ ಇತ್ತು. ಪಕ್ಕದಲ್ಲಿ ನೇಸರಾ ಬಿಟ್ಟುಹೋದ ಮಾತು: “ಅವ್ವಾ, ನಮ್ಮನಿ ನೀಲಿ ಬಾಗಲಾ ತಗದು ಒಳಗ ಹ್ವಾದೆ, ಹೊರಗ ಬಂದ್ರ ನಿನ್ನ ಅಂಗಳ ನೋಡು! ಯಾರಿಗೂ ಹೇಳಬ್ಯಾಡ.” ನಾನಿರುವುದು ಮೊದಲ ಓಣಿಯ ನೀಲಿ ಬಾಗಿಲಿನ ಮನೆ, ಅವಳಿರುವುದು ಅದರ ನಕಲು. ನೀವು ಆ ನಕಲು ತೆಗೆದಾಗ, ಬಾಗಿಲು ಮೊದಲ ಓಣಿಗೆ ತೆರೆಯಬೇಕೆಂಬ ಗುರುತೂ ಜೊತೆಗೇ ಬಂದಿದೆ, ಬದಲಿಸಲು ಮರೆತಿದ್ದೀರಿ. ನಾನು ಕೂತು ಅತ್ತುಬಿಟ್ಟೆ. ಅಂದಿನಿಂದ ಅವಳು ದಿನವೂ ಬರುತ್ತಾಳೆ. ಬೆಳಿಗ್ಗೆ ಅಲ್ಲಿ ಬಾಗಿಲು ತೆಗೆದರೆ ಇಲ್ಲಿ ಕಾಣಿಸುವುದು ಮಧ್ಯಾಹ್ನದ ಊಟದ ಹೊತ್ತಿಗೆ, ಅಷ್ಟು ದೂರ. ನಾನು ತಟ್ಟೆ ಹಾಕಿಕೊಂಡು ಕಾಯುತ್ತೇನೆ.

ಗುಟ್ಟು ನಿಲ್ಲಲಿಲ್ಲ. ನಕ್ಷೆ ಪಂಚಾಯಿತಿಯ ಹಿರಿಯರಾದ ರಾಚಪ್ಪ ಬಂದು ನೋಡಿ ಹೇಳಿದರು: “ಹೊನ್ನಕ್ಕಾ, ಬಿಡಿಸಿದಾಕಿ ಹಂಗ ಬಿಟ್ಟಿದ್ರ ನಾವು ಮುಟ್ಟೂದಿಲ್ಲ. ಆಕಿನ ತಿದ್ದಿದ್ಲಂದ್ರ ನಾವೂ ತಿದ್ದಬೇಕಾಕ್ಕೈತಿ.” ನಮ್ಮಲ್ಲಿರುವುದು ನಿಮ್ಮ ಆಟದ ಮೊದಲ ಪ್ರತಿ. ನೀವು ಕೊನೆಗೆ ಉಳಿಸಿದ ಪ್ರತಿ ಕೆಟ್ಟು ಕೂತಿದೆ, ರಿಪೇರಿ ನಡೆದಿದೆ. ಮುಂದಿನ ವಾರ ತೆರೆಯುತ್ತಾರೆ. ಅದರಲ್ಲಿ ಬಾಗಿಲು ಸರಿಯಾಗಿದ್ದರೆ ನನ್ನ ಅಂಗಳ ಖಾಲಿ. ರಾಚಪ್ಪನವರಿಗೂ ಈಗ ಒಳಗೊಳಗೇ ಅಳುಕು, ಏಕೆಂದರೆ ಅವರ ತಮ್ಮನೂ ಅದೇ ಬಾಗಿಲಿನಿಂದ ಬರತೊಡಗಿದ್ದಾನೆ. ಈಗಂತೂ ಓಣಿಯ ಅರ್ಧ ಜನಕ್ಕೆ ಯಾರಾದರೊಬ್ಬರು ಬರುತ್ತಿದ್ದಾರೆ. ಮಧ್ಯಾಹ್ನವಾದರೆ ನನ್ನ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ.

ನೀವು ಅಚ್ಚುಕಟ್ಟಿನ ಹೆಂಗಸು. ನೀವು ಬಿಡಿಸಿದ ಮೆಟ್ಟಿಲು ನೋಡಿದರೇ ತಿಳಿಯುತ್ತದೆ. ನನ್ನ ಭಯವೂ ಅದೇ. ಉಳಿದದ್ದನ್ನು ಧಾರಾಳವಾಗಿ ತಿದ್ದಿ. ಬಾವಿಗೆ ನೀರು ತುಂಬಿಸಿ, ಎಮ್ಮೆಗೆ ಬಾಲ ಬಿಡಿಸಿ, ಮರೆತಿದ್ದೀರಿ. ನೀಲಿ ಬಾಗಿಲನ್ನು ಮಾತ್ರ ಮುಟ್ಟಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಆಟ ಆಡಿದವರು ಯಾರಾದರೂ, ಈ ಮನೆ ಹೊಕ್ಕರೆ ಬೇರೆ ಓಣಿಗೆ ಬರುತ್ತೇವಲ್ಲ ಎಂದು ದೂರಿದರೆ, ಅದು ಆ ಮನೆಯವಳ ತವರು ಎಂದುಬಿಡಿ.

ಊಟದ ಹೊತ್ತಾಯಿತು, ಏಳುತ್ತೇನೆ. ನೇಸರಾ ಬೆಳಿಗ್ಗೆ ಹೊರಟಿದ್ದರೆ ಇಷ್ಟರಲ್ಲಿ ಬಂದಿರುತ್ತಾಳೆ.

ಇಂತಿ ನಿಮ್ಮ ಓಣಿಯ
ಹೊನ್ನವ್ವ