ಡೀಲಿಯಾ ಎಲ್ಲಿ ಮಣ್ಣಾದಳು

ಜುಲೈ 9, ಬೆಳಿಗ್ಗೆ

ಓಟ್ಸ್ ಗಂಜಿ ಸೀದುಹೋಯಿತು. ಕಂಪ್ಯೂಟರ್ ಮುಂದೆ ಕೂತರೆ ದಿನವೂ ಇದೇ ಗತಿ. ಬಾಸ್ಟನ್ನಿನ ಮದುವೆ ದಾಖಲೆಗಳನ್ನು ಮತ್ತೆ ಜಾಲಾಡಿದೆ. ಡೀಲಿಯಾ ಕಿಲ್‌ಗ್ಯಾಲನ್ — ಇಲ್ಲ. ಹಡಗಿನಲ್ಲಿಲ್ಲ, ಚರ್ಚಿನಲ್ಲಿಲ್ಲ, ಸತ್ತವರಲ್ಲೂ ಇಲ್ಲ. ಅಜ್ಜಿಯ ಒಡಹುಟ್ಟಿದ ತಂಗಿ, ಹದಿನೇಳಕ್ಕೇ ಅಮೆರಿಕಕ್ಕೆ ಹೋದವಳು, ಹೀಗೆ ಮಾಯವಾಗುವುದೆಂದರೆ...

ಅಜ್ಜಿಯ ಮಗಳು ಅಟ್ರ್ಯಾಕ್ಟಾ ಅತ್ತೆಯದು ದಿನಾ ಫೋನು. ಪಾದ್ರಿ ಬಂದು ಸಮಾಧಿಗಳನ್ನು ಹರಸುವ ಭಾನುವಾರ ಹತ್ತಿರವಾಯಿತು. ಅಷ್ಟರೊಳಗೆ ಅಜ್ಜಿಯ ಕಲ್ಲಿನ ಮೇಲೆ ಡೀಲಿಯಾಳ ಹೆಸರೂ ಬರಬೇಕಂತೆ. ಆದರೆ ಎಲ್ಲಿ ಮಣ್ಣಾದಳು, ಕೊನೆಗೆ ಪಕ್ಕದಲ್ಲಿ ಯಾರಾದರೂ ಇದ್ದರೇ ಎಂದು ತಿಳಿಯದೆ ಕೆತ್ತಿಸಲು ಅತ್ತೆ ಒಪ್ಪುವುದಿಲ್ಲ. ಅಜ್ಜಿ ಸಾಯುವಾಗ ಕೇಳಿದ್ದೂ ಅದನ್ನೇ. ಅತ್ತೆಗೆ ಎಂಬತ್ತೊಂಬತ್ತು. ಮುಂದಿನ ವರ್ಷ ನೋಡೋಣ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಜುಲೈ 12

ನಾನು ಮಾಡಿಸಿದ್ದ ಡಿಎನ್‌ಎ ಪರೀಕ್ಷೆಯ ಕಡೆಯಿಂದ ಒಂದು ಮೇಲ್. ಲೊರೇನ್ ಪೆಟ್ರೂಚಿ ಎನ್ನುವವಳು, ಬಾಸ್ಟನ್ ಪಕ್ಕದವಳು. ತನ್ನ ಅಜ್ಜಿ ನೋರಾ ಕಿಲ್‌ಗ್ಯಾಲನ್ ನಮ್ಮೂರವಳಂತೆ, ನಾವು ನೆಂಟರಂತೆ.

ನೋರಾ ನನ್ನ ಅಜ್ಜಿ! ಈ ಮೇಯೋ ಜಿಲ್ಲೆ ದಾಟಿದ್ದು ಒಂದೇ ಸಲ, ಹಲ್ಲು ಕೀಳಿಸಲು. ಹಾಗೇ ಬರೆದೆ: ನಮ್ಮ ನೋರಾ ಚರ್ಚಿನ ಹಿಂದೆ ಮಲಗಿದ್ದಾಳೆ, ನಿಮ್ಮವಳು ಬೇರೆ ಯಾರೋ, ಬೇರೆ ಕಡೆ ನೋಡಿಕೊಳ್ಳಿ. ಬೇಸಿಗೆ ಬಂದರೆ ಸಾಕು, ಅಮೆರಿಕದವರಿಗೆಲ್ಲ ಇಲ್ಲಿ ಒಬ್ಬೊಬ್ಬ ಅಜ್ಜಿ ಬೇಕು.

ಜುಲೈ 13

ರಿಪೋರ್ಟನ್ನು ಇವತ್ತು ಸರಿಯಾಗಿ ನೋಡಿದೆ. ಅವಳಜ್ಜಿ, ನನ್ನಜ್ಜಿ ಒಡಹುಟ್ಟಿದವರಿರಬೇಕು ಎನ್ನುವಷ್ಟು ಹತ್ತಿರದ ರಕ್ತ. ಒಂದೇ ಮನೆಯಲ್ಲಿ ಇಬ್ಬರು ನೋರಾಗಳೇ? ಯಾವ ತಾಯಿ ಹಾಗೆ ಹೆಸರಿಟ್ಟಾಳು?

ಜುಲೈ 21, ಸಂಜೆ

ಅತ್ತೆಯ ಮನೆಗೆ ಸೇಬಿನ ಕೇಕು ಒಯ್ದಿದ್ದೆ. ಬಾಸ್ಟನ್ನಿನ ನೋರಾ ಸುದ್ದಿ ಎತ್ತಿದ ಕೂಡಲೇ ಅತ್ತೆ ಟೀ ಕಪ್ಪು ಕೆಳಗಿಟ್ಟಳು. ಬಾಗಿಲು ಹಾಕಿದೆಯಾ ಎಂದಳು. ಆಮೇಲೆ ಕೇಳಿದಳು — ನಿಜ ಹೊರಬಿದ್ದರೆ ಡೀಲಿಯಾಳ ಮಕ್ಕಳನ್ನು ಅಮೆರಿಕದವರು ಹೊರಗೆ ಹಾಕುತ್ತಾರಾ? ನಾನು ನಕ್ಕೆ. ಅವಳು ನಗಲಿಲ್ಲ. ಯಾರೂ ಹಾಕುವುದಿಲ್ಲ ಎಂದು ಆಣೆ ಮಾಡಿದ ಮೇಲೆಯೇ ಬಾಯಿ ಬಿಟ್ಟಳು.

ಬಾಸ್ಟನ್ನಿನಲ್ಲಿದ್ದ ಅವರ ಚಿಕ್ಕಮ್ಮ ಹಡಗಿನ ಟಿಕೆಟ್ಟು ಕಳಿಸಿದ್ದು ನನ್ನಜ್ಜಿ ನೋರಾಗೆ. ಹೊರಡುವ ಹಿಂದಿನ ರಾತ್ರಿ, ಆಗ ಎಲ್ಲರ ಮನೆಯಲ್ಲೂ ನಡೆಯುತ್ತಿದ್ದ ಹಾಗೆ, ಊರೆಲ್ಲ ಸೇರಿ ಹೋಗುವವಳನ್ನು ಸತ್ತವಳಂತೆ ಅತ್ತು, ಕುಡಿದು, ಕುಣಿದರು. ನೋರಾ ನಮ್ಮಜ್ಜನ ಜೊತೆ ಕುಣಿದಳು. ಬೆಳಗಾದಾಗ ಹೋಗಲೊಲ್ಲೆ ಎಂದು ಕೂತುಬಿಟ್ಟಳು. ಟಿಕೆಟ್ಟು ದಂಡವಾಗುವಂತಿರಲಿಲ್ಲ. ಅಕ್ಕನ ಕೋಟು ತೊಡಿಸಿ ತಂಗಿಯನ್ನು ಗಾಡಿ ಹತ್ತಿಸಿದರು. ಸುಳ್ಳು ಹೆಸರಿನ ಭಯಕ್ಕೆ ಕಾಗದಗಳೂ ನಿಂತುಹೋದವು.

"ನಾಲ್ಕು ವರ್ಷದಿಂದ ಹುಡುಕ್ತಾ ಇದೀನಲ್ಲ ಅತ್ತೆ. ಒಂದು ಮಾತು ಹೇಳ್ಬಾರ್ದಿತ್ತಾ?"

"ಎಲ್ಲಿಗೆ ಹೋದ್ಲು ಅಂತ ಕೇಳ್ದೆ, ಹೇಳ್ದೆ. ಯಾರಾಗಿ ಹೋದ್ಲು ಅಂತ ನೀನೆಲ್ಲಿ ಕೇಳ್ದೆ ಡಿಂಪ್ನಾ?"

ಕತ್ತು ಹಿಸುಕಬೇಕೆನಿಸಿತು. ತಬ್ಬಿಕೊಂಡೆ.

ಜುಲೈ 22

ಲೊರೇನ್‌ಗೆ ಎಲ್ಲ ಬರೆದು ಕ್ಷಮೆ ಕೇಳಿದೆ. ಉತ್ತರವಿಲ್ಲ. ಮೊದಲು ಬರೆದ ಮೇಲ್ ಮತ್ತೆ ಓದಿದೆ. ಉತ್ತರ ಕೊಡದಿದ್ದರೂ ತಪ್ಪಿಲ್ಲ.

ಆಗಸ್ಟ್ 2

ಲೊರೇನ್ ಫೋನ್ ಮಾಡಿದಳು! ಮಾತಿಗಿಂತ ಅಳುವೇ ಹೆಚ್ಚು. ಕೊನೆಯ ವರ್ಷ ಅವಳ ಅಜ್ಜಿ ನೋರಾ ಎಂದು ಕರೆದರೆ ತಿರುಗುತ್ತಿರಲಿಲ್ಲವಂತೆ. "ನೋರಾ ಊರಲ್ಲಿದಾಳೆ, ಹಾಲು ಕರೀತಿರ್ತಾಳೆ," ಅನ್ನುತ್ತಿದ್ದಳಂತೆ. ಬುದ್ಧಿ ಹೋಯಿತು ಎಂದು ಇವರೆಲ್ಲ ತಲೆ ಸವರಿ ಸಮಾಧಾನ ಮಾಡುತ್ತಿದ್ದರಂತೆ. ಪಾಪ... ಅವಳೊಬ್ಬಳೇ ಸರಿಯಾಗಿದ್ದಳು.

ಸಾಯುವಾಗ ಐದೂ ಮಕ್ಕಳು ಹಾಸಿಗೆಯ ಸುತ್ತ ಇದ್ದರು. ಗಂಡನ ಪಕ್ಕದಲ್ಲೇ ಮಣ್ಣು ಮಾಡಿದರು. ಅತ್ತೆಗೆ ಹೇಳಿದೆ. ನಾನು ಕಲ್ಲು ಕೆತ್ತುವವನಿಗೆ ಫೋನ್ ಮಾಡುವಷ್ಟರಲ್ಲಿ ಅವಳೇ ಮಾಡಿಯಾಗಿತ್ತು.

ಆಗಸ್ಟ್ 18, ಭಾನುವಾರ

ಲೊರೇನ್ ಬಂದಳು. ಬಿಳೀ ಶೂ, ಈ ಕೆಸರಿನಲ್ಲಿ. ನಮ್ಮಜ್ಜಿಯ ಹೆಸರಿನ ಕೆಳಗೆ ಹೊಸದಾಗಿ ಕೆತ್ತಿದ ಡೀಲಿಯಾ ಎಂಬ ಹೆಸರಿನ ಮೇಲೆ ಬೆರಳಾಡಿಸುತ್ತ ನಿಂತಳು. ಬಾಸ್ಟನ್ನಿನ ಕಲ್ಲಿನಲ್ಲಿ ಇನ್ನೂ ನೋರಾ ಎಂದೇ ಇದೆ, ಹೋದ ಕೂಡಲೇ ತಿದ್ದಿಸುತ್ತೇನೆ ಎಂದಳು.

ಅತ್ತೆ ಅವಳ ಕೈ ಹಿಡಿದುಕೊಂಡಳು. "ಬೇಡ ಮಗಳೇ. ಅಲ್ಲಿ ನೋರಾ ಅಂತ್ಲೇ ಇರ್ಲಿ. ನಮ್ಮಮ್ಮಂಗೂ ಬಾಸ್ಟನ್ ನೋಡೋ ಆಸೆ ಇತ್ತು."

ನನಗೆ ಅಳು ತಡೆಯಲಾಗಲಿಲ್ಲ. ಈಗ ಇಬ್ಬರೂ ಕೆಳಗೆ ಅಡುಗೆಮನೆಯಲ್ಲಿದ್ದಾರೆ. ನಗು ಕೇಳಿಸುತ್ತಿದೆ. ನನ್ನನ್ನೂ ಕರೆಯುತ್ತಿದ್ದಾರೆ...